ತೊಕ್ಕು ಎಂದರೆ

ಕದಿರಪ್ಪನ ಬಲಗಾಲು ಮುರಿದದ್ದು ಸೈಕಲ್ಲಿನಿಂದ ಬಿದ್ದು ಎಂದು ಹೇಳಿದವರ ನಾಲಿಗೆ ಬಿದ್ದುಹೋಗ. ನಂಗಲಿಯ ಸುಂಕದ ಗೇಟಿನ ಹತ್ತಿರ ಆವತ್ತು ಬೆಳಿಗ್ಗೆ ಜನ ಬೇಕಾದಷ್ಟಿದ್ದರು. ಕಾಫಿ ಹೋಟೆಲಿನ ಅಪ್ಪಾಜಪ್ಪ ಇದ್ದ, ಗಾಡಿ ಹೊಡೆಯುವವರಿದ್ದರು, ಸೊಪ್ಪು ಹೊತ್ತು ಸಂತೆಗೆ ಹೊರಟ ಹೆಂಗಸರಿದ್ದರು. ಎಲ್ಲರೂ ನೋಡಿದರು, ಎಲ್ಲರೂ ಮುಖ ತಿರುಗಿಸಿಕೊಂಡರು. ನಮ್ಮ ಜನಕ್ಕೆ ದೇವರು ಕಣ್ಣು ಕೊಟ್ಟಿರುವುದು ಸಮಯಕ್ಕೆ ಸರಿಯಾಗಿ ಮುಚ್ಚಿಕೊಳ್ಳಲಿ ಎಂದೇ ಇರಬೇಕು.

ಆ ಗೇಟನ್ನು ಹರಾಜಿನಲ್ಲಿ ಹಿಡಿದಿದ್ದವನು ಚನ್ನರಾಯಪ್ಪ. ಮೈಸೂರು ಸೀಮೆ ಮುಗಿದು ಮದ್ರಾಸು ಸೀಮೆ ಶುರುವಾಗುವ ಜಾಗ ಅದು. ಎತ್ತಿನ ಗಾಡಿ, ಲಾರಿ, ಮೋಟಾರು ಏನು ದಾಟಿದರೂ ಅವನಿಗೆ ಸುಂಕ ಕಟ್ಟಬೇಕು. ಮೋಟಾರಿನವರು ಲೈಸೆನ್ಸನ್ನೂ ತೋರಿಸಬೇಕು. ಸೈಕಲ್ಲಿಗೂ ತಲೆಹೊರೆಗೂ ಏನೂ ಇಲ್ಲ, ಸುಮ್ಮನೆ ದಾಟಬಹುದು. ಚನ್ನರಾಯಪ್ಪ ಲಾಳ ಹೊಡೆದ ಬೂಟು ಹಾಕುತ್ತಿದ್ದ. ಅವನು ನಡೆದು ಬರುವ ಸದ್ದು ಕೇಳಿದರೆ ಎತ್ತುಗಳೂ ಕಿವಿ ನಿಮಿರಿಸುತ್ತಿದ್ದವು.

ಕದಿರಪ್ಪ ತಾಯಲೂರಿನವನು. ಮುಳಬಾಗಿಲಿನಲ್ಲಿ ರೇಷ್ಮೆಹುಳುವಿನ ಬಿತ್ತನೆ ಮೊಟ್ಟೆ ತೆಗೆದುಕೊಂಡು ಗಡಿಯಾಚೆಯ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಮುಟ್ಟಿಸುವುದು ಅವನ ಕಸುಬು. ಯುದ್ಧ ಬಂದು ಪ್ಯಾರಾಚೂಟಿಗೆ ರೇಷ್ಮೆ ಬೇಕು ಎಂದಾದ ಮೇಲೆ ಊರೂರಿನಲ್ಲೂ ಹಿಪ್ಪುನೇರಳೆ ಹಾಕಿದ್ದರು. ಮೊಟ್ಟೆಗಳು ಸಾಸಿವೆಗಿಂತ ಸಣ್ಣವು, ಹಾಳೆಗೆ ಅಂಟಿಕೊಂಡಿರುತ್ತವೆ. ಬಿಸಿಲು ತಾಗಿದರೆ ಸತ್ತವೆಂದೇ ಲೆಕ್ಕ. ಅದಕ್ಕೇ ಬೆಳಕು ಹರಿಯುವ ಹೊತ್ತಿಗೆ ಹೊರಟು ಬಿಸಿಲೇರುವ ಮೊದಲು ತಲುಪಬೇಕು.

ಆ ದಿನ ಚನ್ನರಾಯಪ್ಪನಿಗೆ ಏನು ಹುಚ್ಚು ಹಿಡಿದಿತ್ತೋ, ಸೈಕಲ್ ನಿಲ್ಲಿಸಿದ. "ಪೆಟ್ಟಿಗೇಲಿ ಏನ್ಲಾ?" ಎಂದ.

"ಹುಳದ ಮೊಟ್ಟೆ ಕಣಣ್ಣ. ತೆಗೀಬ್ಯಾಡ, ಬಿಸಿಲು ಬರ್ತಾ ಐತೆ."

ಬೇಡ ಎಂದಿದ್ದೇ ತಪ್ಪಾಯಿತು. ಗೇಟಿನ ಪಕ್ಕದ ಕಲ್ಲು ಮೆಟ್ಟಿಲ ಮೇಲೆ ಹಾಳೆಗಳನ್ನು ಒಂದೊಂದಾಗಿ ಹಪ್ಪಳ ಹರವಿದಂತೆ ಹರವಿ, ಪಕ್ಕದಲ್ಲಿ ಕೂತು ಬೀಡಿ ಹಚ್ಚಿದ. ಕದಿರಪ್ಪ ಬೇಡಿಕೊಂಡ, ಕಾಲು ಹಿಡಿದ. ಬಿಸಿಲು ಮೆಟ್ಟಿಲು ಹತ್ತಿತು. ಮೊಟ್ಟೆಯೆಲ್ಲ ಹಾಳಾಯಿತೆಂದು ತಿಳಿದ ಮೇಲೆ ಕದಿರಪ್ಪ ಎದ್ದು ನಿಂತು ಚನ್ನರಾಯಪ್ಪನ ಕೆನ್ನೆಗೆ ಬಾರಿಸಿದ. ಬೀಡಿ ಒಂದು ಕಡೆ ಹಾರಿತು, ರುಮಾಲು ಇನ್ನೊಂದು ಕಡೆ ಬಿತ್ತು. ನನ್ನನ್ನು ಕೇಳಿದರೆ ಆ ಏಟು ಆ ಊರಿಗೆ ತೀರಾ ತಡವಾಗಿ ಬಂದ ಏಟು.

ಗೇಟಿನ ಆಳುಗಳಿಬ್ಬರು ಕದಿರಪ್ಪನನ್ನು ಕೆಡವಿ, ಬಲಗಾಲನ್ನು ಮೆಟ್ಟಿಲ ಅಂಚಿಗೆ ಅಡ್ಡವಿಟ್ಟು ಹಿಡಿದರು. ಚನ್ನರಾಯಪ್ಪ ಬೂಟುಗಾಲಲ್ಲಿ ಮಂಡಿಯ ಮೇಲೆ ಹತ್ತಿ ನಿಂತು ಕುಪ್ಪಳಿಸಿದ. ಮೊದಲ ಸಲ ಕದಿರಪ್ಪ ಕಿರುಚಿದ. ಎರಡನೇ ಸಲಕ್ಕೆ ಹಸಿ ಕಬ್ಬು ಮುರಿದ ಸದ್ದಾಯಿತು. ಚಿಪ್ಪು ಒಡೆದು ಚರ್ಮ ಸೀಳಿ ಬೆಳ್ಳಗೆ ಮೂಳೆ ಕಂಡಿತು. ಆಮೇಲೂ ಅವನು ಇಳಿಯಲಿಲ್ಲ.

"ತೊಕ್ಕೋ! ಈಗ ತೊಕ್ಕು ನೋಡಣ ಸೈಕಲ್ನ!" ಎಂದು ಕೂಗುತ್ತಾ, ಮಾತಿಗೊಂದು ಸಲದಂತೆ ಕಾಲು ಅಪ್ಪಳಿಸಿದ.

ತೊಕ್ಕು ಎನ್ನುವುದು ತೆಲುಗು ಮಾತು. ನಮ್ಮ ಗಡಿಯಲ್ಲಿ ಕನ್ನಡದೊಳಗೂ ಅದೇ ಓಡಾಡುತ್ತದೆ. ಸೈಕಲ್ಲಿನ ಪೆಡಲ್ ತುಳಿದರೂ ತೊಕ್ಕುವುದೇ, ಮನುಷ್ಯನನ್ನು ಕೆಡವಿ ತುಳಿದರೂ ತೊಕ್ಕುವುದೇ. ಚನ್ನರಾಯಪ್ಪ ಅವತ್ತು ಒಂದೇ ಮಾತಿನಲ್ಲಿ ಎರಡನ್ನೂ ಆಡಿ ಮುಗಿಸಿದ. ವಿಚಾರಣೆಗೆ ಬಂದವರ ಮುಂದೆ ಅಪ್ಪಾಜಪ್ಪನೇ ಮೊದಲಾಗಿ ಎಲ್ಲರೂ "ಸೈಕಲ್ನಿಂದ ಬಿದ್ದ ಸ್ವಾಮಿ" ಎಂದರು.

ಮೂಳೆ ಕಟ್ಟುವವನು ಬಿದಿರ ದಬ್ಬೆ ಕಟ್ಟಿದ. ಗಾಯ ಮಾಗಿತು, ಮಂಡಿ ಮಾತ್ರ ಒನಕೆಯಂತೆ ನೆಟ್ಟಗೆ ನಿಂತಿತು. ಮಡಚದ ಕಾಲಿಗೆ ಸೈಕಲ್ ಎಲ್ಲಿ ಬಂತು? ಕದಿರಪ್ಪ ಜಗಲಿಯ ಮೇಲೆ ಕೂತು ಕೂತು, ಸಿಕ್ಕಸಿಕ್ಕವರನ್ನೆಲ್ಲ ಬೈಯುವ ಮನುಷ್ಯನಾದ. ಅವನ ಹೆಂಡತಿ ಆದಿಲಕ್ಷ್ಮಮ್ಮ ಪಲಮನೇರು ಕಡೆಯವಳು, ಸ್ವಂತ ಅಕ್ಕನ ಮಗಳು, ಮಾತೆಲ್ಲ ಅರ್ಧ ತೆಲುಗು. ಕೋಲಾರದ ಚಿನ್ನದ ಗಣಿಯಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬ ಯುದ್ಧಕ್ಕೆ ಹೊರಟಾಗ ಬಿಟ್ಟುಹೋದ ಇಂಜಿನ್ ಸೈಕಲ್ಲೊಂದು ಗುಜರಿಗೆ ಬಂದಿದೆ ಎಂದು ಕೇಳಿದವಳೇ, ಕಿವಿಯ ಓಲೆ ಬಿಚ್ಚಿ ಕೊಟ್ಟು ಅದನ್ನು ತರಿಸಿದಳು.

ಅದಕ್ಕೆ ಪೆಡಲೂ ಇತ್ತು, ಪೆಡಲಿನ ನಡುವೆ ಕೊಬ್ಬರಿ ಗಿಟುಕಿನಷ್ಟು ಇಂಜಿನ್ನೂ ಇತ್ತು. ಊರವರು ಪಟಪಟಿ ಎಂದರು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿ ಕುಡಿಸಿದರೂ ಕೆಮ್ಮುತ್ತಾ ಓಡುತ್ತಿತ್ತು. ಹಿಂದಿನಿಂದ ಆದಿಲಕ್ಷ್ಮಮ್ಮ ನೂಕಬೇಕು, ಇಂಜಿನ್ ಹಿಡಿದ ಕೂಡಲೇ ಹಾರಿ ಕ್ಯಾರಿಯರ್ ಮೇಲೆ ಕೂರಬೇಕು, ಮಡಿಲಲ್ಲಿ ಮೊಟ್ಟೆಯ ಪೆಟ್ಟಿಗೆ. ಕದಿರಪ್ಪನ ಕಸುಬು ಮತ್ತೆ ಹತ್ತಿತು, ಮುಖದಲ್ಲಿ ನಗು ಬಂತು. ಲೈಸೆನ್ಸು ಕೇಳಿಕೊಂಡು ಹೋದರೆ, "ಕುಂಟನಿಗೆ ಮೋಟಾರು ಎಲ್ಲಿ ಕೊಡೋಕಾಗುತ್ತಯ್ಯ?" ಎಂದು ವಾಪಸು ಕಳಿಸಿದರು. ಲೈಸೆನ್ಸಿಲ್ಲದೆ ಗೇಟು ದಾಟುವುದು ಹೇಗೆ?

ದಾರಿ ತೋರಿಸಿದ್ದು ಇಳಿಜಾರು. ಮುಳಬಾಗಿಲಿನ ಕಡೆಯಿಂದ ಬಂದರೆ ಗೇಟಿಗೆ ಒಂದು ಕೂಗಿನಷ್ಟು ದೂರದಿಂದ ರಸ್ತೆ ಜಾರುತ್ತದೆ. ಗೇಟು ಕಣ್ಣಿಗೆ ಬಿದ್ದೊಡನೆ ಆದಿಲಕ್ಷ್ಮಮ್ಮ ಹಿಂದಿನಿಂದ "ತೊಕ್ಕು, ಮಾವ" ಎನ್ನುವಳು. ಕದಿರಪ್ಪ ಇಂಜಿನ್ ಆರಿಸಿ, ನೆಟ್ಟಗಿನ ಕಾಲನ್ನು ಕೆಳಗಿನ ಪೆಡಲಿಗೆ ಊರಿ, ಒಳ್ಳೆಯ ಕಾಲನ್ನು ಅಷ್ಟಿಷ್ಟು ಆಡಿಸುತ್ತಾ, ಸೊಂಟ ಕುಲುಕುತ್ತಾ ತುಳಿಯುವವನ ಹಾಗೆ ಗೇಟಿನ ಬದಿಯಿಂದ ಜಾರಿಹೋಗುವನು. ನೋಡಿದವರಿಗೆ ಕುಂಟನೊಬ್ಬ ಕಷ್ಟಪಟ್ಟು ಸೈಕಲ್ ಹೊಡೆಯುತ್ತಿದ್ದಾನೆ ಅನ್ನಿಸಬೇಕು. ಹೀಗೆ ಗಂಡಹೆಂಡಿರ ನಡುವೆ ತೊಕ್ಕು ಎಂದರೆ ಇಂಜಿನ್ ಆರಿಸಿ ನಾಟಕ ಹೂಡು ಎಂಬ ಮೂರನೇ ಅರ್ಥವೂ ಹುಟ್ಟಿತು. ಇದು ಹೊರಗಿನವರಿಗೆ ಯಾರಿಗೂ ಗೊತ್ತಿರಲಿಲ್ಲ.

ಚನ್ನರಾಯಪ್ಪ ದಡ್ಡನಲ್ಲ. ಆ ಮಂಡಿ ಮಡಚುವುದಿಲ್ಲವೆಂದು ಜಗತ್ತಿನಲ್ಲಿ ಬೇರೆ ಯಾರಿಗಿಂತಲೂ ಚೆನ್ನಾಗಿ ಅವನಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಅಡ್ಡಮರವನ್ನು ರಸ್ತೆಯ ಅಗಲಕ್ಕೂ ಇಳಿಸಿ, ಹಗ್ಗದಿಂದ ಬಿಗಿದು, ಕಾದು ನಿಂತ. ಕದಿರಪ್ಪ ನಿಲ್ಲಲೇಬೇಕಾಯಿತು.

ಚನ್ನರಾಯಪ್ಪ ಬಗ್ಗಿ ಇಂಜಿನ್ನಿನ ಮೇಲೆ ಅಂಗೈ ಇಟ್ಟು ಚುರಕ್ ಎಂದು ಹಿಂದಕ್ಕೆಳೆದುಕೊಂಡ.

"ಏನ್ಲಾ ಕದಿರಿ, ನಿನ್ ಸೈಕಲ್ಗೆ ಜ್ವರ ಬಂದೈತೆ?" ಎಂದು ನಕ್ಕ. "ಲೈಸೆನ್ಸ್ ತೆಗಿ."

"ಸೈಕಲ್ಗೆ ಯಾಕಣ್ಣ ಲೈಸೆನ್ಸು?"

"ಸೈಕಲ್ಲಾದ್ರೆ ತೊಕ್ಕಿ ತೋರ್ಸು."

ಚನ್ನರಾಯಪ್ಪ ಆದಿಲಕ್ಷ್ಮಮ್ಮನ ಮಡಿಲಿಗೇ ಕೈಹಾಕಿ ಪೆಟ್ಟಿಗೆ ಕಿತ್ತುಕೊಂಡ. ಹಿಂದಿನ ಸಲದಂತೆಯೇ ಅದೇ ಮೆಟ್ಟಿಲ ಮೇಲೆ ಹಾಳೆಗಳನ್ನು ಹರವತೊಡಗಿದ. ಆದಿಲಕ್ಷ್ಮಮ್ಮ ನುಗ್ಗಿ ಅವನ ಮುಂಗೈಗೆ ಬಾಯಿ ಹಾಕಿ ಕಚ್ಚಿದಳು. ಮಾಂಸ ಬಾಯಿಗೆ ಬರುವವರೆಗೂ ಬಿಡಲಿಲ್ಲ. ಅವನು ಇನ್ನೊಂದು ಕೈಯಿಂದ ಮೂಗಿಗೆ ಗುದ್ದಿ, ಜುಟ್ಟು ಹಿಡಿದು ಅವಳ ಹಣೆಯನ್ನು ಮೆಟ್ಟಿಲಿಗೆ ಚಚ್ಚಿದ. ಹಾಳೆಗಳ ಮೇಲೆ ರಕ್ತ ಸಿಡಿಯಿತು. ಇಳಿದು ಬಂದ ಕದಿರಪ್ಪನ ತಲೆಗೆ ಆಳುಗಳಿಬ್ಬರೂ ದೊಣ್ಣೆ ಬೀಸಿದರು. ಬಿದ್ದವನ ಬೆನ್ನಿಗೆ, ಪಕ್ಕೆಗೆ, ಮತ್ತೆ ಆ ಬಲಗಾಲಿಗೇ ಹೊಡೆದರು. ಅಪ್ಪಾಜಪ್ಪ ಒಲೆ ಊದುತ್ತಾ ಕೂತಿದ್ದ, ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು.

ಅಡ್ಡಮರದ ಹಿಂತುದಿಗೆ ಭಾರದ ಕಲ್ಲು ಕಟ್ಟಿರುತ್ತಾರೆ, ಮುಂತುದಿಯನ್ನು ಹಗ್ಗ ಹಿಡಿದಿರುತ್ತದೆ. ಆದಿಲಕ್ಷ್ಮಮ್ಮ ತೆವಳಿಕೊಂಡು ಹೋಗಿ, ಮಡಿಲಲ್ಲಿದ್ದ ಎಲೆಯಡಿಕೆಯ ಅಡಕತ್ತರಿಯಿಂದ ಆ ಹಗ್ಗ ಕತ್ತರಿಸಿದಳು. ಮರ ಚಿಮ್ಮಿ ಮೇಲೆದ್ದಿತು. ಅದರ ಮೇಲೆ ಬಗ್ಗಿ ದೊಣ್ಣೆ ಎತ್ತಿದ್ದ ಆಳಿನ ಗದ್ದಕ್ಕೆ ಸರಿಯಾಗಿ ತಾಗಿ, ಹಲ್ಲುಗಳು ಹುರಿಗಡಲೆಯ ಹಾಗೆ ನೆಲಕ್ಕೆ ಚೆಲ್ಲಿದವು. ಇನ್ನೊಬ್ಬ ಅವನನ್ನು ಹಿಡಿಯಲು ಓಡಿದ. ಅಷ್ಟರಲ್ಲಿ ಕದಿರಪ್ಪ ಸೈಕಲ್ ಹತ್ತಿದ್ದ, ಅವಳು ನೂಕಿದ್ದಳು, ಇಂಜಿನ್ ಹಿಡಿದಿತ್ತು, ಅವಳು ಹಾರಿ ಕೂತಿದ್ದಳು.

ಚನ್ನರಾಯಪ್ಪ ಎದುರಿಗೆ ಓಡಿಬಂದು, ಮೆಟ್ಟಿಲಿಗೆ ಬೆನ್ನು ಮಾಡಿ, ಕಾಲಗಲಿಸಿ ನಿಂತ. ಕಚ್ಚಿದ ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಬಾರ್ಲಾ ಕುಂಟ! ಬಾ!"

ಆದಿಲಕ್ಷ್ಮಮ್ಮ ಬಾಯ್ತುಂಬ ಕೂಗಿದಳು. "ತೊಕ್ಕು, ಮಾವ! ತೊಕ್ಕು!"

ಇಂಜಿನ್ ಆರಲಿಲ್ಲ. ಮುಂದಿನ ಚಕ್ರ ಚನ್ನರಾಯಪ್ಪನ ತೊಡೆಸಂದಿಗೆ ಗುದ್ದಿತು. ಅವನು ಹಿಂದಕ್ಕೆ ಬಿದ್ದ, ಒಂದು ಕಾಲು ಮೆಟ್ಟಿಲ ಅಂಚಿಗೆ ಅಡ್ಡವಾಯಿತು, ಇಬ್ಬರು ಕೂತ ಸೈಕಲ್ಲು ಆ ಮಂಡಿಯ ಮೇಲೆ ಹತ್ತಿ ಇಳಿಯಿತು. ಮತ್ತೆ ಅದೇ ಕಬ್ಬು ಮುರಿದ ಸದ್ದು. ಅದೇ ಕಲ್ಲು. ನನಗೆ ಸಂತೋಷವಾಯಿತು ಎಂದು ಹೇಳಲು ಯಾವ ನಾಚಿಕೆಯೂ ಇಲ್ಲ.

ಮಧ್ಯಾಹ್ನದೊಳಗೆ ಗಂಡಹೆಂಡಿರಿಬ್ಬರನ್ನೂ ಹಿಡಿದು ತಂದರು. ಲೈಸೆನ್ಸಿಲ್ಲದೆ ಮೋಟಾರು ಓಡಿಸಿದ್ದು ಒಂದು; ಕೊಲ್ಲುವ ಉದ್ದೇಶದಿಂದ ಹತ್ತಿಸಿದ್ದು ಇನ್ನೊಂದು; "ತುಳಿ" ಎಂದು ಹೆಂಡತಿ ಕುಮ್ಮಕ್ಕು ಕೊಟ್ಟದ್ದು ಮತ್ತೊಂದು. ಇಬ್ಬರಿಗೂ ಜೈಲು ಖಂಡಿತ ಎಂದು ಎಲ್ಲರೂ ಮಾತಾಡಿಕೊಂಡರು. ಮುಳಬಾಗಿಲಿನ ವಕೀಲ ಸೀತಾರಾಮರಾಯರು ಕನಿಕರದಿಂದ ಕೇಸು ಹಿಡಿದು, ಲಾಕಪ್ಪಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ನೋಡಪ್ಪಾ, ಉಳಿಯೋ ದಾರಿ ಒಂದೇ. ಅದು ಸೈಕಲ್ಲು, ನೀನು ತುಳೀತಿದ್ದೆ, ಅವಳು ತುಳಿ ಅಂದಿದ್ದು ಪೆಡಲ್ನ. ಕಾಲು ಮುರಿದ ಕಥೆ ಎತ್ತಿದೆಯೋ, ಸೇಡಿಗೆ ಹತ್ತಿಸಿದೆ ಅಂತಾಗುತ್ತೆ. ಆ ಕಾಲಿಗೆ ಏನೂ ಆಗಿಲ್ಲ, ಮಡಚುತ್ತೆ ಅಂತಲೇ ಹೇಳಬೇಕು."

ಎಂಥ ಅನ್ಯಾಯ ನೋಡಿ. ತನ್ನ ಕಾಲನ್ನು ಯಾರೂ ಮುರಿಯಲಿಲ್ಲ ಎಂದು ಅವನೇ ಆಣೆ ಮಾಡಬೇಕು.

ಮ್ಯಾಜಿಸ್ಟ್ರೇಟರು ಸಾಗರದ ಕಡೆಯವರು, ತೆಲುಗಿನ ಗಂಧವಿಲ್ಲ. ಸಾಕ್ಷಿ ಹೇಳಲು ನಿಂತ ಅಪ್ಪಾಜಪ್ಪ "ತೊಕ್ಕು ತೊಕ್ಕು ಅಂತ ಕೂಗಿದ್ಳು ಸ್ವಾಮಿ" ಎಂದಾಗ ಅವರು ತಲೆಯೆತ್ತಿ, "ತೊಕ್ಕು ಅಂದ್ರೆ ಮಾವಿನಕಾಯಿ ತೊಕ್ಕೇನಯ್ಯಾ? ಉಪ್ಪಿನಕಾಯಿ ಯಾಕೆ ಕೇಳಿದಳು?" ಎಂದರು. ಕೋರ್ಟೆಲ್ಲ ಗೊಳ್ಳೆಂದಿತು. ಆದಿಲಕ್ಷ್ಮಮ್ಮ ಒಬ್ಬಳೇ ನಗಲಿಲ್ಲ, ಅವಳ ಮೂಗು ಇನ್ನೂ ಊದಿಕೊಂಡಿತ್ತು.

ಚನ್ನರಾಯಪ್ಪನ ಪರ ವಕೀಲರು ಎದ್ದು, ತೊಕ್ಕು ಎಂದರೆ ಕಾಲಲ್ಲಿ ತುಳಿದು ಹೊಸಕುವುದು, ಬೇರೆ ಅರ್ಥವೇ ಇಲ್ಲ ಎಂದು ಒತ್ತಿ ಒತ್ತಿ ವಾದಿಸಿದರು. ಸೀತಾರಾಮರಾಯರು, ಸೈಕಲ್ಲಿನವರಿಗೆ ಅದೇ ಮಾತು ಪೆಡಲಿಗೆ ಸಲ್ಲುತ್ತದೆ ಎಂದರು. "ಹಾಗಾದರೆ ಆ ಸೆಟೆದ ಕಾಲಲ್ಲಿ ಪೆಡಲ್ ತುಳಿದು ತೋರಿಸಲಿ" ಎಂದರು ಎದುರು ವಕೀಲರು. "ತುಳಿದರೆ ಅದು ಸೈಕಲ್ಲು, ಕೇಸು ಬಿಟ್ಟುಬಿಡುತ್ತೇವೆ. ತುಳಿಯದಿದ್ದರೆ ಇವರು ಹೇಳುವುದೆಲ್ಲ ಸುಳ್ಳು."

ಸೀತಾರಾಮರಾಯರು ತಡೆಯಲು ಎದ್ದರು. ಕದಿರಪ್ಪ ಕಟಕಟೆಯಿಂದಲೇ ಹೇಳಿದ: "ತೊಕ್ತೀನಿ ಸ್ವಾಮಿ."

ಕೋರ್ಟಿನ ಅಂಗಳದಲ್ಲಿ ಹುಣಸೆಮರವಿತ್ತು. ಇಂಜಿನ್ನಿನ ಎಣ್ಣೆ ಬಸಿದು, ಮರದ ಸುತ್ತ ಒಂದು ಸುತ್ತು ಬರಬೇಕೆಂದು ಗೊತ್ತಾಯಿತು. ಮ್ಯಾಜಿಸ್ಟ್ರೇಟರು ಹೊರಗೆ ಬಂದು ನಿಂತರು. ಕಾಲಿಗೆ ದಬ್ಬೆ ಕಟ್ಟಿಸಿಕೊಂಡಿದ್ದ ಚನ್ನರಾಯಪ್ಪನನ್ನು ಮಂಚದ ಸಮೇತ ಹೊತ್ತು ತಂದು ಎದುರಿಗೆ ಇಟ್ಟರು. ಅವನು ದಿಂಬಿಗೊರಗಿ ತಮಾಷೆ ನೋಡುವವನಂತೆ ಕೂತ.

ಕದಿರಪ್ಪ ಹತ್ತಿದ. ಬಲಗಾಲನ್ನು ಪೆಡಲಿನ ಮೇಲೆ ಇಟ್ಟು, ಎರಡು ಕೈಯಲ್ಲೂ ಹ್ಯಾಂಡಲ್ ಅಮುಕಿ ಹಿಡಿದು, ಮೈಯ ಭಾರವನ್ನೆಲ್ಲ ಹಾಕಿ ಎಡಗಾಲಿನಿಂದ ತುಳಿದ. ಬಲ ಪೆಡಲ್ ಮೇಲೆದ್ದು ಆ ಕಾಲನ್ನು ಮೇಲಕ್ಕೆ ನೂಕಿತು. ಕಾಲು ಮಡಚಲೇಬೇಕು, ಇಲ್ಲವೇ ಅವನು ಬೀಳಬೇಕು. ಬೆಸೆದುಹೋಗಿದ್ದ ಮೂಳೆ ಬಾಗಿಲ ಅಗುಳಿ ಕಿತ್ತಂತೆ ಕಿತ್ತಿತು. ಸದ್ದು ಅಂಗಳದ ತುದಿಯವರೆಗೂ ಕೇಳಿಸಿತು. ಗುಮಾಸ್ತರೊಬ್ಬರು ಅಲ್ಲೇ ವಾಂತಿ ಮಾಡಿಕೊಂಡರು. ಕದಿರಪ್ಪನ ಕೆಳತುಟಿ ಹಲ್ಲಿಗೆ ಸಿಕ್ಕಿ ಹರಿಯಿತು, ಆದರೆ ಬಾಯಿಂದ ಸೊಲ್ಲು ಹೊರಡಲಿಲ್ಲ. ಮತ್ತೆ ತುಳಿದ. ಹಳೆಯ ಗಾಯ ಬಾಯಿಬಿಟ್ಟು ಪಂಚೆ ಕೆಂಪಾಯಿತು, ಚೈನಿನ ಮೇಲೆ ರಕ್ತ ಇಳಿಯಿತು.

ಅರ್ಧ ಸುತ್ತಿಗೆ ಸೈಕಲ್ ಓಲಾಡಿತು. ಅವನ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವು. ಪೊಲೀಸಿನವನ ಕೈ ಕೊಡವಿಕೊಂಡು ಆದಿಲಕ್ಷ್ಮಮ್ಮ ಮುಂದೆ ಬಂದಳು.

"ತೊಕ್ಕು, ಮಾವ!" ಎಂದು ಕಿರುಚಿದಳು. "ನನ್ ಸಾಮೀ, ತೊಕ್ಕು!"

ಆ ಕೂಗಿಗೆ ಅರ್ಥ ಹೇಳಲು ಯಾವ ವಕೀಲನೂ ಬೇಕಿರಲಿಲ್ಲ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕದಿರಪ್ಪ ತುಳಿದ. ಮಂಡಿ ಮಡಚಿತು, ನೆಟ್ಟಗಾಯಿತು, ಮತ್ತೆ ಮಡಚಿತು.

ಇದನ್ನು ತಡೆಯಲಾಗದೆ ಹೋದದ್ದು ಚನ್ನರಾಯಪ್ಪನಿಗೆ. ಅವನು ಬದುಕಿನಲ್ಲಿ ಹೆಮ್ಮೆಪಟ್ಟು ಮಾಡಿದ ಕೆಲಸ ಆ ಮಂಡಿ. ಗೇಟಿನಲ್ಲಿ ಎದುರಾಡಿದವರಿಗೆಲ್ಲ ಆ ಕಾಲನ್ನೇ ತೋರಿಸಿ ಹೆದರಿಸುತ್ತಿದ್ದ. ಅದು ಎಲ್ಲರ ಕಣ್ಣೆದುರು ಮಡಚುತ್ತಿತ್ತು. ಮಂಚದ ಮೇಲೆ ಎದ್ದು ಕೂತು ಅರಚಿದ:

"ಸುಳ್ಳು ಸ್ವಾಮೀ! ಆ ಕಾಲು ಮಡಚಲ್ಲ! ಮಡಚಕ್ಕೆ ಆಗಲ್ಲ! ನಾನೇ ತೊಕ್ಕಿದ್ದು ಅದನ್ನ, ಪುಡಿಪುಡಿ ಆಗೋ ಹಂಗೆ ತೊಕ್ಕಿದ್ದು!"

ಸೈಕಲ್ಲು ಸುತ್ತು ಮುಗಿಸಿ ಮ್ಯಾಜಿಸ್ಟ್ರೇಟರ ಮುಂದೆಯೇ ಉರುಳಿಬಿತ್ತು. ಆದಿಲಕ್ಷ್ಮಮ್ಮ ಓಡಿಹೋಗಿ ಗಂಡನ ತಲೆಯನ್ನು ಮಡಿಲಿಗೆ ಹಾಕಿಕೊಂಡಳು. ಮ್ಯಾಜಿಸ್ಟ್ರೇಟರು ಚನ್ನರಾಯಪ್ಪನ ವಕೀಲರ ಕಡೆ ತಿರುಗಿದರು.

"ತೊಕ್ಕು ಅನ್ನೋದಕ್ಕೆ ಒಂದೇ ಅರ್ಥ ಅಂದಿರಲ್ಲ, ಇನ್ನೊಂದು ಸಲ ಹೇಳಿ. ಬರೆದುಕೊಳ್ಳಬೇಕು."

ವಕೀಲರು ಕೇಸಿನ ಕಾಗದ ಮಡಚಿ ಕಂಕುಳಿಗೆ ಸೇರಿಸಿದರು.

ಅದು ಸೈಕಲ್ಲೇ, ಲೈಸೆನ್ಸು ಬೇಕಿಲ್ಲ ಎಂದು ತೀರ್ಪಾಯಿತು. ಇಬ್ಬರೂ ಬಿಡುಗಡೆಯಾದರು. ಚನ್ನರಾಯಪ್ಪನ ಕೈಯಿಂದ ಗೇಟು ಹೋಯಿತು, ಆಮೇಲೆ ಅವನ ಮೇಲೇ ಕೇಸು ನಡೆದು ಅವನು ಒಳಗೆ ಹೋದ. ಕದಿರಪ್ಪನ ಕಾಲು ಕೊಳೆಯಿತು. ಕೋಲಾರದ ಆಸ್ಪತ್ರೆಯಲ್ಲಿ ತೊಡೆಯವರೆಗೆ ಕತ್ತರಿಸಿ ತೆಗೆದರು. ಒಂದು ಸುತ್ತಿಗೆ ಒಂದು ಕಾಲು. ಇದನ್ನು ನ್ಯಾಯ ಎನ್ನುವವರು ಅನ್ನಲಿ, ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ.

ಮಳೆಗಾಲ ಕಳೆದ ಮೇಲೆ ಪಟಪಟಿ ಮತ್ತೆ ನಂಗಲಿಯ ರಸ್ತೆಗೆ ಬಂತು. ಮುಂದೆ ಕೂತಿದ್ದವಳು ಆದಿಲಕ್ಷ್ಮಮ್ಮ, ಸೀರೆಯನ್ನು ಕಚ್ಚೆ ಹಾಕಿ ಬಿಗಿದಿದ್ದಳು. ಹಿಂದೆ ಕ್ಯಾರಿಯರ್ ಮೇಲೆ ಮೊಟ್ಟೆಯ ಪೆಟ್ಟಿಗೆ ತಬ್ಬಿಕೊಂಡು ಕದಿರಪ್ಪ. ಅವಳಿಗೂ ಲೈಸೆನ್ಸಿರಲಿಲ್ಲ, ಹೆಂಗಸು ಕೇಳಲು ಹೋಗಿದ್ದರೆ ನಕ್ಕು ಕಳಿಸುತ್ತಿದ್ದರು. ಕೋರ್ಟೇ ಸೈಕಲ್ ಎಂದ ಮೇಲೆ ಕೇಳುವವರಾದರೂ ಯಾರು? ಊರವರು ಬಾಯಿ ಬಿಟ್ಟುಕೊಂಡು ನೋಡಿದರು. ಅಪ್ಪಾಜಪ್ಪ ಒಲೆಯ ಕಡೆ ಮುಖ ತಿರುಗಿಸಿಕೊಂಡ.

ಇಳಿಜಾರಿನಲ್ಲಿ ಗೇಟು ಕಂಡಿತು. ಅಡ್ಡಮರ ಎತ್ತಿಯೇ ಇತ್ತು. ಪಕ್ಕದ ಮೆಟ್ಟಿಲು ಮಳೆಯಲ್ಲಿ ತೊಳೆದು ಬೆಳ್ಳಗಾಗಿತ್ತು. ಆದಿಲಕ್ಷ್ಮಮ್ಮ ಅದರ ಪಕ್ಕದಲ್ಲೇ ಸೈಕಲ್ ನಿಲ್ಲಿಸಿ, ಹಿಂದಿರುಗಿ ನೋಡದೆ ಹೇಳಿದಳು:

"ಮಾವ, ಒಂದ್ ಮಾತು. ಅವತ್ತು ಈ ಜಾಗದಾಗೆ ನಾನ್ ತೊಕ್ಕು ಅಂದಿದ್ದು ಪೆಡಲ್ನಲ್ಲ. ಇಂಜಿನ್ ಆರ್ಸು ಅಂತಾನೂ ಅಲ್ಲ. ಅವನ್ನ."

ಕದಿರಪ್ಪ ಪೆಟ್ಟಿಗೆಯ ಮೇಲೆ ಬೀಳುತ್ತಿದ್ದ ಎಳೆಬಿಸಿಲಿಗೆ ತನ್ನ ಟವಲು ಮುಚ್ಚಿದ.

"ಗೊತ್ತು ಕಣೇ," ಎಂದ. "ಗೊತ್ತಿದ್ದೇ ತೊಕ್ಕಿದ್ದು. ಬಿಸಿಲೇರ್ತಾ ಐತೆ, ನಡಿ."